ಲ್ಯಾಂಟರ್ನ್ ಶಾರ್ಕ್ ಗುರುತಿಸುವುದು ಹೇಗೆ: ಕುಟುಂಬದಿಂದ ಪ್ರಭೇದದವರೆಗೆ

ಆಳದ ಟ್ರಾಲ್ ಬಲೆಯಲ್ಲಿ ಬರುವ ಪುಟ್ಟ ಕಪ್ಪು ಶಾರ್ಕ್‌ಗಳು ಮೊದಲ ನೋಟಕ್ಕೆ ಎಲ್ಲವೂ ಒಂದೇ. ಒಂದು ಗೇಣಿನಿಂದ ಮೊಳದುದ್ದದ ಮೈ, ದೊಡ್ಡ ಕಣ್ಣು, ಬೆನ್ನ ಮೇಲೆ ಎರಡು ಮುಳ್ಳು. ಇವುಗಳಲ್ಲಿ ಬಹುಪಾಲು ಎಟ್ಮೊಪ್ಟೆರಿಡೇ ಕುಟುಂಬದವು, ಅಂದರೆ ಲ್ಯಾಂಟರ್ನ್ ಶಾರ್ಕ್‌ಗಳು. ಈ ಕುಟುಂಬದಲ್ಲಿ 50ಕ್ಕೂ ಹೆಚ್ಚು ಪ್ರಭೇದಗಳಿವೆ, ಅವುಗಳಲ್ಲಿ ಹೆಚ್ಚಿನವು ಎಟ್ಮೊಪ್ಟೆರಸ್ ಎಂಬ ಒಂದೇ ಕುಲದಲ್ಲಿ ತುಂಬಿಕೊಂಡಿವೆ. ಕುಟುಂಬ ಹೇಳುವುದು ಸುಲಭ, ಕುಲ ಹೇಳುವುದಕ್ಕೆ ಹಲ್ಲು ನೋಡಬೇಕು, ಪ್ರಭೇದ ಹೇಳುವುದಕ್ಕೆ ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಲೇಬೇಕು. ಬಣ್ಣ ನೋಡಿ ಹೆಸರಿಟ್ಟವರು ತಪ್ಪಿದ್ದೇ ಹೆಚ್ಚು.

ಕೆಲಸದ ಕ್ರಮ ಮುಖ್ಯ. ಮೊದಲು ಫೋಟೊ, ಆಮೇಲೆ ಅಳತೆ, ಆಮೇಲೆ ಡಿಎನ್‌ಎಗಾಗಿ ಮಾಂಸದ ಚೂರು, ಆಮೇಲೆ ಹಲ್ಲು ಮತ್ತು ಚರ್ಮ, ಕೊನೆಗೆ ಫಾರ್ಮಾಲಿನ್. ಈ ಕ್ರಮ ಹಿಂದುಮುಂದಾದರೆ ಕಳೆದುಹೋದ ಮಾಹಿತಿ ಮತ್ತೆ ಸಿಗುವುದಿಲ್ಲ. ಫಾರ್ಮಾಲಿನ್ ಹಿಡಿದ ಮಾಂಸದಿಂದ ಡಿಎನ್‌ಎ ತೆಗೆಯುವುದು ತೀರಾ ಕಷ್ಟ. ಆಲ್ಕೋಹಾಲಿನಲ್ಲಿ ವರ್ಷಗಟ್ಟಲೆ ಇದ್ದ ಮೀನಿನ ಕಪ್ಪು ಹೊಟ್ಟೆ ಕಂದಾಗಿ, ಪಕ್ಕೆಯ ಗುರುತು ಮಸುಕಾಗಿರುತ್ತದೆ.

ಬೇಕಾದ ಸಲಕರಣೆ

ಮಿಲಿಮೀಟರ್ ಗುರುತಿರುವ ಅಳತೆ ಹಲಗೆ, 0.1 ಮಿ.ಮೀ.ವರೆಗೆ ಓದಬಲ್ಲ ಕ್ಯಾಲಿಪರ್, 10 ಪಟ್ಟಿನ ಕೈಮಸೂರ, 40 ಪಟ್ಟಿನವರೆಗೆ ಹೋಗುವ ಸ್ಟೀರಿಯೊ ಸೂಕ್ಷ್ಮದರ್ಶಕ, ಮೊನಚು ಸೂಜಿ, ಚಿಮುಟ, ಹೊಸ ಬ್ಲೇಡು, 2 ಮಿ.ಲೀ. ತಿರುಪು ಮುಚ್ಚಳದ ಟ್ಯೂಬುಗಳು, ಶೇ. 95ರ ಎಥನಾಲ್. ಲೇಬಲ್ಲಿಗೆ ದಪ್ಪ ಕಾಗದ, ಬರೆಯಲು ಸೀಸದ ಕಡ್ಡಿಯ ಪೆನ್ಸಿಲ್ ಮಾತ್ರ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ. ಲೇಬಲ್ ಇಲ್ಲದ ಶಾರ್ಕ್‌ಗೆ ವಿಜ್ಞಾನದಲ್ಲಿ ಬೆಲೆಯೇ ಇಲ್ಲ.

ಮೀನು ಮೇಲೆ ಬಂದ ಮೊದಲ ಗಂಟೆ

ಬೆನ್ನಿನ ಮುಳ್ಳುಗಳು ಚೂಪು. ಒಂದು ಕೈಯಲ್ಲಿ ತಲೆಯ ಹಿಂಬದಿ, ಇನ್ನೊಂದರಲ್ಲಿ ಬಾಲದ ಬುಡ ಹಿಡಿಯಿರಿ. ಲೋಳೆಯನ್ನು ಸಮುದ್ರದ ನೀರಿನಲ್ಲಿ ಅದ್ದಿ ತೊಳೆಯಿರಿ, ಬಟ್ಟೆಯಿಂದ ಉಜ್ಜಬೇಡಿ. ಈ ಮೀನುಗಳ ಚರ್ಮ ತೆಳು. ಉಜ್ಜಿದರೆ ಮೇಲ್ಪದರದ ಜೊತೆ ಬೆಳಕು ಬೀರುವ ಚುಕ್ಕೆಗಳೂ ಚರ್ಮದ ಮೇಲಿನ ಸೂಕ್ಷ್ಮ ಹಲ್ಲುಗಳೂ ಎದ್ದುಬರುತ್ತವೆ. ಬಲೆಯಲ್ಲೇ ತಿಕ್ಕಿಸಿಕೊಂಡು ಬಂದ ಮೀನಾದರೆ ಒಂದು ಪಕ್ಕೆ ಬೋಳಾಗಿರಬಹುದು. ಇನ್ನೊಂದು ಪಕ್ಕೆಯನ್ನೂ ನೋಡಿಯೇ ತೀರ್ಮಾನಕ್ಕೆ ಬನ್ನಿ.

ಫೋಟೊವನ್ನು ಎಡಪಕ್ಕದಿಂದ ತೆಗೆಯುವುದು ರೂಢಿ, ಅಳತೆಯೂ ಎಡಪಕ್ಕದ್ದೇ. ಬೂದು ಬಣ್ಣದ ಹಿನ್ನೆಲೆಯ ಮೇಲೆ ಅಳತೆಪಟ್ಟಿ ಇಟ್ಟು ಇಡೀ ಮೈ, ಹೊಟ್ಟೆಯ ಕಡೆ, ಎರಡೂ ಬೆನ್ನಿನ ರೆಕ್ಕೆಗಳ ಹತ್ತಿರದ ನೋಟ, ತೆರೆದ ಬಾಯಿ, ಸೊಂಟದ ರೆಕ್ಕೆಯ ಮೇಲಿನ ಪಕ್ಕೆ, ಬಾಲ – ಇಷ್ಟನ್ನು ತೆಗೆಯಿರಿ. ಒದ್ದೆ ಕಪ್ಪು ಚರ್ಮಕ್ಕೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಿಳಿ ಹೊಳಪು ಬಿಟ್ಟು ಬೇರೇನೂ ಕಾಣುವುದಿಲ್ಲ. ತಟ್ಟೆಯಲ್ಲಿ ಮೀನು ಮುಳುಗುವಷ್ಟು ನೀರು ಹಾಕಿ ಬೆಳಕನ್ನು ಓರೆಯಾಗಿ ಬಿಟ್ಟರೆ ಪಕ್ಕೆಯ ಕಪ್ಪು ಗುರುತು ಎದ್ದು ಕಾಣುತ್ತದೆ.

ಬೆಳಕು ಬೀರುವುದನ್ನು ಕಣ್ಣಾರೆ ನೋಡುವ ಆಸೆ ಸಹಜ. ಜೀವ ಇರುವ ಮೀನನ್ನು ತಣ್ಣನೆಯ ಸಮುದ್ರದ ನೀರಿನಲ್ಲಿಟ್ಟು ಪೂರ್ತಿ ಕತ್ತಲೆಯ ಕೋಣೆಯಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ಕಾದರೆ ಹೊಟ್ಟೆಯ ಕಡೆ ಮಂದ ನೀಲಿ ಕಾಣಬಹುದು. ಮುಟ್ಟಿದ ತಕ್ಷಣ ಮಿನುಗಲಿ ಎಂದು ನಿರೀಕ್ಷಿಸಬೇಡಿ. ಈ ಕುಟುಂಬದ ಬೆಳಕನ್ನು ಹತೋಟಿಯಲ್ಲಿಡುವುದು ಮುಖ್ಯವಾಗಿ ಹಾರ್ಮೋನುಗಳು. ಎಟ್ಮೊಪ್ಟೆರಸ್ ಸ್ಪೈನಾಕ್ಸ್‌ನಲ್ಲಿ ಮೆಲಟೋನಿನ್ ಮತ್ತು ಪ್ರೊಲ್ಯಾಕ್ಟಿನ್ ಬೆಳಕನ್ನು ಹಚ್ಚುತ್ತವೆ. ಹಾಗಾಗಿ ಅದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ.

ಕುಟುಂಬ ಖಚಿತಪಡಿಸುವುದು

ಮೊದಲು ಮೀನನ್ನು ಮಗುಚಿ ಗುದದ ರೆಕ್ಕೆ ಇದೆಯೇ ನೋಡಿ. ಸೊಂಟದ ರೆಕ್ಕೆಗೂ ಬಾಲಕ್ಕೂ ನಡುವೆ, ಹೊಟ್ಟೆಯ ಕೆಳಗಿನ ನಡುಗೆರೆಯಲ್ಲಿ ಒಂಟಿ ರೆಕ್ಕೆ ಇದ್ದರೆ ಅದು ಲ್ಯಾಂಟರ್ನ್ ಶಾರ್ಕ್ ಅಲ್ಲ. ಅದೇ ಆಳದಲ್ಲಿ, ಅದೇ ಬಲೆಯಲ್ಲಿ ಬರುವ ಕಪ್ಪಗಿನ ಅಪ್ರಿಸ್ಟುರಸ್ ಕ್ಯಾಟ್‌ಶಾರ್ಕ್‌ಗಳಿಗೆ ಉದ್ದನೆಯ ಗುದದ ರೆಕ್ಕೆ ಇದೆ, ಮುಳ್ಳಿಲ್ಲ. ಬೆನ್ನಿನ ರೆಕ್ಕೆ ಒಂದೇ ಇದ್ದು ಕಿವಿರಿನ ಸೀಳು ಆರೋ ಏಳೋ ಇದ್ದರೆ ಅದು ಹೆಕ್ಸಾಂಕಸ್‌ನ ಬಳಗ. ಮುಳ್ಳೇನೋ ಇದೆ, ಆದರೆ ಕಿವಿರಿಗೆ ಒಂದೇ ಬಾಗಿಲು, ಅದರ ಮೇಲೆ ಚರ್ಮದ ಮುಚ್ಚಿಗೆ ಎಂದಾದರೆ ಅದು ಕೈಮೀರಾ, ಶಾರ್ಕೇ ಅಲ್ಲ.

ಗುದದ ರೆಕ್ಕೆ ಇಲ್ಲ, ಬೆನ್ನಿನ ರೆಕ್ಕೆ ಎರಡು, ಕಿವಿರಿನ ಸೀಳು ಐದು, ಮೈ ಕೊಳವೆಯಂತೆ ದುಂಡು. ಇಷ್ಟಾದರೆ ಸ್ಕ್ವಾಲಿಫಾರ್ಮಿಸ್ ಗಣದಲ್ಲಿ ಇದ್ದೀರಿ ಎನ್ನಬಹುದು. ಇನ್ನು ಮುಳ್ಳು ನೋಡಬೇಕು.

ಸೂಜಿಯ ಮೊನೆಯನ್ನು ಮುಳ್ಳಿನ ಪಕ್ಕದಲ್ಲಿ ಬುಡದಿಂದ ತುದಿಯ ಕಡೆಗೆ ಎಳೆಯಿರಿ. ಉದ್ದಕ್ಕೂ ಕೊರೆದಂಥ ತೋಡಿಗೆ ಸೂಜಿ ಕೂತರೆ ಎಟ್ಮೊಪ್ಟೆರಿಡೇ ಅಥವಾ ಸೆಂಟ್ರೊಫೋರಿಡೇ ಕುಟುಂಬದ ಸಾಧ್ಯತೆ ಹೆಚ್ಚು. ತೋಡಿಲ್ಲದ ನುಣುಪು ಮುಳ್ಳು ಸ್ಕ್ವಾಲಿಡೇ ಕುಟುಂಬದ್ದು. ಅದರಲ್ಲಿ ಬಾಲದ ಬುಡದ ಎರಡೂ ಪಕ್ಕದಲ್ಲಿ ದಿಂಡಿನಂಥ ಏರು ಇರುತ್ತದೆ, ಬಾಲದ ಮೇಲಿನ ಹಾಳೆಯ ತುದಿಯ ಬಳಿ ಕಚ್ಚು ಇರುವುದಿಲ್ಲ. ಲ್ಯಾಂಟರ್ನ್ ಶಾರ್ಕ್‌ನಲ್ಲಿ ಇದು ತಿರುಗುಮುರುಗು: ದಿಂಡು ಇಲ್ಲ, ಕಚ್ಚು ಸ್ಪಷ್ಟ. ಮುಳ್ಳು ತೀರಾ ಮೋಟಾಗಿದ್ದು ರೆಕ್ಕೆಯ ಚರ್ಮದಲ್ಲೇ ಹುದುಗಿದ್ದರೆ, ಅಥವಾ ಇಲ್ಲವೇ ಇಲ್ಲ ಎಂದಾದರೆ ಸೋಮ್ನಿಯೋಸಿಡೇ ಕಡೆಗೆ ನೋಡಿ. ಮೈ ಅಡ್ಡಸೀಳಿನಲ್ಲಿ ತ್ರಿಕೋನ, ಬೆನ್ನಿನ ರೆಕ್ಕೆಗಳು ಹಾಯಿಯಂತೆ ಎತ್ತರ ಇದ್ದರೆ ಅದು ಆಕ್ಸಿನೋಟಸ್, ಒಮ್ಮೆ ನೋಡಿದವರು ಮತ್ತೆ ತಪ್ಪುವುದಿಲ್ಲ.

ಮೋಸ ಹೋಗುವ ಜಾಗ ಒಂದಿದೆ: ಸ್ಕ್ವಾಲಿಯೋಲಸ್. ಇದು ಡಲಾಟಿಡೇ ಕುಟುಂಬದ ಕಿರುಬೆರಳು ಗಾತ್ರದ ಮರಿ ಹಾಕುವ ಪುಟಾಣಿ ಶಾರ್ಕ್. ಕಪ್ಪು, ಹೊಟ್ಟೆಯಲ್ಲಿ ಬೆಳಕಿನ ಚುಕ್ಕೆಗಳೂ ಉಂಟು. ಡಲಾಟಿಡೇಯಲ್ಲಿ ಉಳಿದವಕ್ಕೆ ಮುಳ್ಳೇ ಇಲ್ಲ, ಇದಕ್ಕೆ ಮಾತ್ರ ಮೊದಲ ಬೆನ್ನಿನ ರೆಕ್ಕೆಯ ಮುಂದೆ ಒಂದು ಮುಳ್ಳು. ಅದೂ ಕೆಲವೊಮ್ಮೆ ಚರ್ಮದೊಳಗೆ ಅಡಗಿರುತ್ತದೆ. ಎರಡನೆಯ ರೆಕ್ಕೆಯ ಮುಂದೆ ಮುಳ್ಳು ಇದೆಯೇ ಎಂಬ ಒಂದೇ ಪ್ರಶ್ನೆ ಇದನ್ನು ಬಗೆಹರಿಸುತ್ತದೆ. ಲ್ಯಾಂಟರ್ನ್ ಶಾರ್ಕ್‌ನಲ್ಲಿ ಎರಡನೆಯ ಮುಳ್ಳು ಇದ್ದೇ ಇರುತ್ತದೆ, ಸಾಮಾನ್ಯವಾಗಿ ಅದು ಮೊದಲನೆಯದಕ್ಕಿಂತ ಉದ್ದ. ಎರಡನೆಯ ರೆಕ್ಕೆಯೂ ಮೊದಲನೆಯದಕ್ಕಿಂತ ದೊಡ್ಡದು. ಮುಳ್ಳು ಮುರಿದಿದ್ದರೆ ಬುಡದಲ್ಲಿ ಗಟ್ಟಿ ಮೋಟು ಬೆರಳಿಗೆ ಸಿಗುತ್ತದೆ. ಸಿಕ್ಕಲಿಲ್ಲವೆಂದರೆ ಎಕ್ಸ್‌ರೇ ತೆಗೆಯಿರಿ.

ಬೆಳಕಿನ ಚುಕ್ಕೆ ಇದೆ ಎಂದ ಮಾತ್ರಕ್ಕೆ ಕುಟುಂಬ ನಿರ್ಧಾರವಾಗದು. ಎಟ್ಮೊಪ್ಟೆರಿಡೇ, ಡಲಾಟಿಡೇ ಎರಡೂ ಬೆಳಗುತ್ತವೆ, ಸೋಮ್ನಿಯೋಸಿಡೇಯ ಝೇಮಿಯಸ್ ಸ್ಕ್ವಾಮುಲೋಸಸ್ ಕೂಡ.

ಹಲ್ಲಿನಿಂದ ಕುಲಕ್ಕೆ

ಸತ್ತ ಮೀನಿನ ಸೆಡೆತ ಬಿಡುವ ಮೊದಲು ಬಾಯಿಯನ್ನು ಬಲವಂತವಾಗಿ ತೆರೆಯಬೇಡಿ, ದವಡೆಯ ಮೃದ್ವಸ್ಥಿ ಸೀಳುತ್ತದೆ. ಮೂತಿಯನ್ನು ಹೆಬ್ಬೆರಳಿನಿಂದ ಮೇಲಕ್ಕೊತ್ತಿ, ಕೆಳದವಡೆಯನ್ನು ಮರದ ಕಡ್ಡಿಯಿಂದ ಕೆಳಕ್ಕೆ ತಳ್ಳಿ. ಟಿಶ್ಯೂ ಕಾಗದದ ತುದಿಯಿಂದ ಹಲ್ಲಿನ ನೀರು ಹೀರಿಸಿ. ಒದ್ದೆ ಹಲ್ಲು ಗಾಜಿನಂತೆ ಪಾರದರ್ಶಕ, ಆಕಾರ ತಿಳಿಯುವುದಿಲ್ಲ. ಒಣಗಿದಾಗ ಬೆಳ್ಳಗೆ ನಿಲ್ಲುತ್ತದೆ. ಬೆಳಕು ಪಕ್ಕದಿಂದ ಬರಲಿ.

ಎಟ್ಮೊಪ್ಟೆರಸ್‌ನ ಮೇಲ್ದವಡೆಯ ಪ್ರತಿ ಹಲ್ಲಿಗೂ ನಡುವೆ ಒಂದು ಎತ್ತರದ ಮೊನೆ, ಅದರ ಅಕ್ಕಪಕ್ಕ ಒಂದೋ ಎರಡೋ ಮೂರೋ ಜೊತೆ ಚಿಕ್ಕ ಮೊನೆಗಳು. ಕೆಳದವಡೆಯದ್ದು ಬೇರೆಯೇ ಲೋಕ. ಒಂದೇ ಮೊನೆಯ ಚಪ್ಪಟೆ ಹಲ್ಲುಗಳು ಬಾಯಿಯ ಮೂಲೆಯ ಕಡೆಗೆ ಓರೆಯಾಗಿ ವಾಲಿ, ಬುಡಕ್ಕೆ ಬುಡ ಕೂಡಿಕೊಂಡು ಗರಗಸದ ಅಲಗಿನಂತೆ ಒಂದೇ ಸಾಲಾಗಿ ನಿಂತಿವೆ. ಮೇಲಿನದು ಹಿಡಿಯಲು, ಕೆಳಗಿನದು ಕತ್ತರಿಸಲು. ಈ ಜೋಡಿ ಕಂಡರೆ ಸೆಂಟ್ರೊಫೋರಿಡೇಯೂ ಸೋಮ್ನಿಯೋಸಿಡೇಯೂ ತಾವಾಗಿಯೇ ಬಿದ್ದುಹೋಗುತ್ತವೆ. ಸೆಂಟ್ರೊಫೋರಸ್‌ಗೆ ಎರಡೂ ದವಡೆಯಲ್ಲಿ ಅಲಗಿನಂಥ ಹಲ್ಲು, ಮೇಲಿನದಕ್ಕೆ ಪಕ್ಕದ ಮೊನೆ ಇಲ್ಲ. ಸೋಮ್ನಿಯೋಸಿಡೇಗೆ ಮೇಲೆ ಈಟಿಯಂಥ ಒಂಟಿ ಮೊನೆ.

ಮೇಲೆ ಕೆಳಗೆ ಎರಡೂ ಕಡೆ ಬಾಚಣಿಗೆಯಂಥ ಬಹುಮೊನೆಯ ಪುಟ್ಟ ಹಲ್ಲುಗಳಿದ್ದರೆ ಅದು ಸೆಂಟ್ರೊಸಿಲಿಯಂ. ಬಂಗಾಳ ಕೊಲ್ಲಿಯ ಮಾದರಿಯಿಂದ 1889ರಲ್ಲಿ ಆಲ್ಕಾಕ್ ವಿವರಿಸಿದ ಸೆಂಟ್ರೊಸಿಲಿಯಂ ಆರ್ನೇಟಂ ಇದೇ ಕುಲದ್ದು. ಎರಡೂ ದವಡೆಯಲ್ಲಿ ಕೊಕ್ಕೆಯಂತೆ ಬಾಗಿದ ಒಂಟಿ ಮೊನೆಯ ಸೂಜಿಹಲ್ಲು, ಜೊತೆಗೆ ತೀರಾ ಮೋಟು ಮುಳ್ಳು ಎಂದಾದರೆ ಅಕ್ಯುಲಿಯೋಲ. ಈ ಕುಲದಲ್ಲಿ ಅಕ್ಯುಲಿಯೋಲ ನೈಗ್ರಾ ಒಂದೇ ಪ್ರಭೇದ, ಪೆಸಿಫಿಕ್‌ನ ದಕ್ಷಿಣ ಅಮೆರಿಕದ ಕಡೆಯದು. ಹಾವಿನ ಕೋರೆಯಂತೆ ಉದ್ದವಾಗಿ, ನಡುನಡುವೆ ಜಾಗ ಬಿಟ್ಟು ನಿಂತ ಹಲ್ಲುಗಳು, ತ್ರಿಕೋನದ ದವಡೆ ಕಂಡರೆ ಟ್ರೈಗೊನೊಗ್ನಾಥಸ್ ಕಬೆಯಾಯ್. ಜಪಾನ್ ಬಳಿಯ ಮಾದರಿಗಳಿಂದ 1990ರಲ್ಲಿ ಹೆಸರು ಪಡೆದ ಇದಕ್ಕೆ ಹೋಲುವ ಇನ್ನೊಂದು ಶಾರ್ಕ್ ಇಲ್ಲ. ಐದನೆಯ ಕುಲ ಮಿರೊಸಿಲಿಯಂ. ಇದನ್ನು ಪ್ರತ್ಯೇಕವಾಗಿ ಇಡುವವರೂ ಇದ್ದಾರೆ, ಎಟ್ಮೊಪ್ಟೆರಸ್ ಒಳಗೇ ಸೇರಿಸುವವರೂ ಇದ್ದಾರೆ. ಹಾಗಾಗಿ ಇದರ ಶೀಕೊಯ್ ಎಂಬ ಪ್ರಭೇದದ ಹೆಸರನ್ನು ಎರಡೂ ಕುಲಗಳ ಕೆಳಗೆ ಹುಡುಕಬೇಕು.

ಹಲ್ಲಿನ ಮೊನೆ ಎಣಿಸುವಾಗ ಒಂದು ಎಚ್ಚರ. ಎಟ್ಮೊಪ್ಟೆರಸ್‌ನ ಹಲವು ಪ್ರಭೇದಗಳಲ್ಲಿ ಬೆಳೆದ ಗಂಡಿನ ಮೇಲ್ಹಲ್ಲಿಗೆ ಹೆಣ್ಣಿಗಿಂತ ಹೆಚ್ಚು ಪಕ್ಕದ ಮೊನೆಗಳಿರುತ್ತವೆ, ಮರಿಗಳಲ್ಲಿ ಕಡಿಮೆ. ಲಿಂಗ ಮತ್ತು ಬೆಳವಣಿಗೆಯ ಹಂತ ಬರೆಯದೆ ಮೊನೆಯ ಲೆಕ್ಕ ಮಾತ್ರ ಬರೆದರೆ ಒಂದೇ ಪ್ರಭೇದ ಎರಡಾಗಿ ಕಾಣುತ್ತದೆ. ಗಂಡಿಗೆ ಸೊಂಟದ ರೆಕ್ಕೆಯ ಒಳಬದಿಯಲ್ಲಿ ಕ್ಲಾಸ್ಪರ್ ಎಂಬ ಜೋಡಿ ಕಡ್ಡಿಗಳಿವೆ. ಬೆರಳಿನಿಂದ ಬಾಗಿಸಿ ನೋಡಿ. ಬಾಗದೆ ಗಟ್ಟಿಯಾಗಿದ್ದರೆ ಬೆಳೆದ ಗಂಡು, ಬಳುಕಿದರೆ ಮರಿ. ಚಿಕ್ಕದೆಂದು ಮರಿ ಎಂದುಕೊಳ್ಳಬೇಡಿ. 1985ರಲ್ಲಿ ಹೆಸರಿಸಿದ, ಕೆರಿಬಿಯನ್ ಸಮುದ್ರದ ಎಟ್ಮೊಪ್ಟೆರಸ್ ಪೆರಿಯ ಗಂಡು ಸುಮಾರು 16–17 ಸೆಂ.ಮೀ.ಗೇ ಪ್ರಾಯಕ್ಕೆ ಬರುತ್ತದೆ.

ಚರ್ಮ ಓದುವುದು

ಎಟ್ಮೊಪ್ಟೆರಸ್ ಒಳಗೆ ಕಾಲಿಟ್ಟ ಮೇಲೆ ನಿಜವಾದ ಕೆಲಸ ಶುರು. ಡಿಎನ್‌ಎ ಅಧ್ಯಯನಗಳು ಈ ಕುಲವನ್ನು ನಾಲ್ಕು ಗುಂಪುಗಳಾಗಿ ಬಿಡಿಸಿವೆ: ಲುಸಿಫರ್, ಪುಸಿಲಸ್, ಸ್ಪೈನಾಕ್ಸ್, ಗ್ರಾಸಿಲಿಸ್ಪಿನಿಸ್. ಪ್ರಭೇದಕ್ಕೆ ಹಾರುವ ಮೊದಲು ಮೀನು ಯಾವ ಗುಂಪಿನದು ಎಂದು ತಿಳಿದುಕೊಂಡರೆ 40ಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಕೈಗೆ ಸಿಗುವಷ್ಟು ಚಿಕ್ಕದಾಗುತ್ತದೆ. ಇದಕ್ಕೆ ದಾರಿ ಡೆಂಟಿಕಲ್, ಅಂದರೆ ಚರ್ಮದ ಮೇಲಿನ ಸೂಕ್ಷ್ಮ ಹಲ್ಲುಗಳು.

ಎರಡನೆಯ ಬೆನ್ನಿನ ರೆಕ್ಕೆಯ ನೇರ ಕೆಳಗೆ, ಪಕ್ಕೆಯ ನಡುಭಾಗವನ್ನು ಆರಿಸಿಕೊಳ್ಳಿ. ಪ್ರತಿ ಮೀನಿನಲ್ಲೂ ಇದೇ ಜಾಗ. ತಲೆಯ ಮೇಲಿನ, ಹೊಟ್ಟೆಯ, ಬಾಲದ ಡೆಂಟಿಕಲ್‌ಗಳು ಒಂದೇ ಮೀನಿನಲ್ಲೂ ಬೇರೆ ಬೇರೆ ಥರ ಇರುವುದರಿಂದ ಒಂದರ ತಲೆಯನ್ನು ಇನ್ನೊಂದರ ಪಕ್ಕೆಗೆ ಹೋಲಿಸಿದರೆ ಏನೂ ಅರ್ಥವಿಲ್ಲ. ಒತ್ತುಕಾಗದವನ್ನು ಮೆಲ್ಲಗೆ ಅದುಮಿ ಲೋಳೆ ಹೀರಿಸಿ, ಎರಡು ನಿಮಿಷ ಆರಲು ಬಿಡಿ. ಬೆಳಕನ್ನು ತಲೆಯ ಕಡೆಯಿಂದ ತೀರಾ ಓರೆಯಾಗಿ, ಚರ್ಮವನ್ನು ಸವರುವಂತೆ ಬಿಟ್ಟು 20 ಪಟ್ಟಿನಲ್ಲಿ ನೋಡಿ.

ಲುಸಿಫರ್ ಗುಂಪಾದರೆ ಕಣ್ಣಿಗೆ ಬೀಳುವುದು ಉತ್ತ ಹೊಲದ ಸಾಲುಗಳು. ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಡೆಂಟಿಕಲ್‌ಗಳು ತಲೆಯಿಂದ ಬಾಲದ ಕಡೆಗೆ ಗೆರೆ ಎಳೆದಂತೆ ಸಾಲುಗಟ್ಟಿವೆ, ಸಾಲಿನಿಂದ ಸಾಲಿಗೆ ಬರಿಯ ಚರ್ಮ ಕಾಣುತ್ತದೆ. ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿದರೆ ಗರಗರ ಎನ್ನುತ್ತದೆ. ಪುಸಿಲಸ್ ಗುಂಪಿನಲ್ಲಿ ಮೊನೆಯೇ ಇಲ್ಲ. ತುದಿ ಕತ್ತರಿಸಿದ ಗೂಟಗಳನ್ನು ಒತ್ತೊತ್ತಾಗಿ ಹೂಳಿದಂತೆ ಚಪ್ಪಟೆ ತಲೆಯ ಡೆಂಟಿಕಲ್‌ಗಳು, ಸಾಲಿನ ಶಿಸ್ತು ಇಲ್ಲ. ಬೆರಳಿಗೆ ನುಣುಪು. ಸ್ಪೈನಾಕ್ಸ್ ಗುಂಪಿನಲ್ಲಿ ಸಣಕಲು, ಮೊನಚಾದ ಡೆಂಟಿಕಲ್‌ಗಳು ಸಾಲಿಲ್ಲದೆ ಚದುರಿವೆ. ಗ್ರಾಸಿಲಿಸ್ಪಿನಿಸ್ ಕೂಡ ಹತ್ತಿರ ಹತ್ತಿರ ಹೀಗೇ ಕಾಣುವುದರಿಂದ ಈ ಎರಡನ್ನು ಡೆಂಟಿಕಲ್ ಒಂದರಿಂದಲೇ ಬೇರ್ಪಡಿಸಲು ಹೋಗಬೇಡಿ. ಇಲ್ಲಿ ಡಿಎನ್‌ಎ ಬೇಕು.

ಇನ್ನು ಪಕ್ಕೆಯ ಗುರುತು. ಸೊಂಟದ ರೆಕ್ಕೆಯ ಬುಡದ ಮೇಲ್ಗಡೆ ಬೆಳಕಿನ ಚುಕ್ಕೆಗಳು ದಟ್ಟವಾಗಿ ಸೇರಿ ಆದ ಕಡುಕಪ್ಪು ಪಟ್ಟೆ ಅದು. ಅದರಿಂದ ಒಂದು ಕವಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿರುತ್ತದೆ. ಲುಸಿಫರ್ ಗುಂಪಿನ ಪ್ರಭೇದಗಳನ್ನು ಬಿಡಿಸುವಾಗ ಈ ಎರಡು ಕವಲುಗಳಲ್ಲಿ ಯಾವುದು ಉದ್ದ, ಎಷ್ಟು ಉದ್ದ ಎಂಬುದು ದೊಡ್ಡ ಸಾಕ್ಷಿ. ಪಟ್ಟೆಯ ನಡುವಿನಿಂದ ಒಂದೊಂದು ಕವಲಿನ ತುದಿಗೆ ಕ್ಯಾಲಿಪರ್ ಇಟ್ಟು ಅಳೆದು, ಎಲ್ಲಿಂದ ಅಳೆದಿರಿ ಎಂದು ಫೋಟೊದ ಮೇಲೆ ಗುರುತು ಹಾಕಿ. ಗುರುತು ಕಾಣಲಿಲ್ಲ ಎಂದು ಕುಲವನ್ನೇ ಬದಲಿಸಬೇಡಿ. 2015ರಲ್ಲಿ ಹೆಸರು ಪಡೆದ, ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿಯ ಎಟ್ಮೊಪ್ಟೆರಸ್ ಬೆಂಚ್ಲಿಗೆ ಇಡೀ ಮೈ ಒಂದೇ ಕಪ್ಪು.

ಹೊರಗಿನಿಂದ ಬಗೆಹರಿಯದ ಜೋಡಿಗಳೂ ಇವೆ. ಎಟ್ಮೊಪ್ಟೆರಸ್ ಬಿಗೆಲೋವಿ ಬಹುಕಾಲ ಎಟ್ಮೊಪ್ಟೆರಸ್ ಪುಸಿಲಸ್ ಹೆಸರಿನಡಿಯಲ್ಲೇ ಸೇರಿಹೋಗಿತ್ತು, 1993ರಲ್ಲಿ ಬೇರೆಯಾಯಿತು. ಎರಡಕ್ಕೂ ಮೊಟುಕು ಡೆಂಟಿಕಲ್. ಹೊಟ್ಟೆ ಕೊಯ್ದು ಕರುಳಿನ ಸುರುಳಿ ಕವಾಟದ ಸುತ್ತುಗಳನ್ನು ಎಣಿಸಿದರೆ ಬಿಗೆಲೋವಿಗೆ ಸುತ್ತುಗಳು ಹೆಚ್ಚು. ಕರುಳನ್ನು ಉದ್ದುದ್ದಕ್ಕೆ ಒಂದೇ ಕಡೆ ಸೀಳಿ, ನೀರಿನಲ್ಲಿ ತೊಳೆದು, ಪ್ರತಿ ಸುತ್ತನ್ನೂ ಚಿಮುಟದಿಂದ ಎತ್ತುತ್ತಾ ಎರಡು ಸಲ ಎಣಿಸಿ.

ಅಳತೆ

ಒಟ್ಟು ಉದ್ದ ಎಂದರೆ ಮೂತಿಯ ತುದಿಯಿಂದ, ಬಾಲದ ಮೇಲಿನ ಹಾಳೆಯನ್ನು ಮೈಯ ನೇರಕ್ಕೆ ಎಳೆದು ಹಿಡಿದಾಗಿನ ತುದಿಯವರೆಗೆ. ಬಾಲವನ್ನು ಇದ್ದ ಹಾಗೇ ಬಿಟ್ಟು ಅಳೆದರೆ ಉದ್ದ ಕಡಿಮೆ ಬಂದು ಉಳಿದೆಲ್ಲ ಅನುಪಾತ ಕೆಡುತ್ತದೆ. ಟೇಪನ್ನು ಮೈಯ ಉಬ್ಬಿನ ಮೇಲೆ ಹಾಯಿಸಬೇಡಿ. ಬಿಂದುವಿನಿಂದ ಬಿಂದುವಿಗೆ ನೇರ ಅಂತರ ಬೇಕು. ಮೂತಿಯಿಂದ ಎರಡೂ ಬೆನ್ನಿನ ರೆಕ್ಕೆಗಳಿಗೆ, ಮೊದಲ ಬೆನ್ನಿನ ರೆಕ್ಕೆಯ ಕೊನೆಯಿಂದ ಎರಡನೆಯದರ ಆರಂಭಕ್ಕೆ, ಸೊಂಟದ ರೆಕ್ಕೆಯಿಂದ ಬಾಲಕ್ಕೆ, ಎರಡೂ ಮುಳ್ಳುಗಳ ಉದ್ದ, ಕಣ್ಣಿನ ಅಗಲ, ಬಾಯಿಯ ಅಗಲ – ಕನಿಷ್ಠ ಇಷ್ಟಿರಲಿ. ಎಲ್ಲವನ್ನೂ ಒಟ್ಟು ಉದ್ದದ ಶೇಕಡಾವಾರಿಗೆ ತಿರುಗಿಸಿ. 412 ಮಿ.ಮೀ. ಮೀನಿನಲ್ಲಿ ಬೆನ್ನಿನ ರೆಕ್ಕೆಗಳ ನಡುವಿನ ಅಂತರ 92 ಮಿ.ಮೀ. ಆದರೆ ಅದು ಶೇ. 22.3.

ಮುಳ್ಳಿರುವ ರೆಕ್ಕೆಯ ಆರಂಭ ಎಲ್ಲಿ ಎಂಬುದೇ ಗೊಂದಲದ ಮೂಲ. ಮುಳ್ಳು ಚರ್ಮದಿಂದ ಹೊರಬರುವ ಬಿಂದುವೋ, ಅದಕ್ಕೂ ಮುಂದೆ ಚರ್ಮ ಏರಲು ತೊಡಗುವ ಜಾಗವೋ? ಯಾವುದನ್ನು ಹಿಡಿದರೂ ಸರಿ, ಎಲ್ಲ ಮೀನುಗಳಿಗೂ ಅದನ್ನೇ ಹಿಡಿಯಿರಿ, ಟಿಪ್ಪಣಿಯಲ್ಲಿ ಬರೆಯಿರಿ. ಸಂರಕ್ಷಿಸಿದ ಮೀನು ಕುಗ್ಗುವುದರಿಂದ ಹಸಿ ಮೀನಿನ ಅಳತೆಯನ್ನು ಅದರ ಜೊತೆ ಒಂದೇ ಪಟ್ಟಿಗೆ ಬೆರೆಸಬೇಡಿ.

ಮಾಂಸದ ಚೂರು ಮತ್ತು ಸಂರಕ್ಷಣೆ

ಬಲಪಕ್ಕದ ಸ್ನಾಯುವಿನಿಂದ, ಎಡಪಕ್ಕ ಕೆಡದಂತೆ, ಅರ್ಧ ಸೆಂ.ಮೀ. ಮೀರದ ಚೂರು ತೆಗೆಯಿರಿ. ದೊಡ್ಡ ಚೂರಿನ ಒಳಗೆ ಎಥನಾಲ್ ಇಳಿಯುವ ಮೊದಲೇ ಕೊಳೆಯುತ್ತದೆ. ಚೂರಿಗೆ ಹತ್ತು ಪಟ್ಟು ಎಥನಾಲ್ ಹಾಕಿ, ಮರುದಿನ ಬದಲಿಸಿ, ತಂಪಿನಲ್ಲಿಡಿ. ಮೀನಿನಿಂದ ಮೀನಿಗೆ ಬ್ಲೇಡು ಬದಲಿಸಿ.

ಪ್ರಭೇದ ಗುರುತಿಸಲು ಸಾಮಾನ್ಯವಾಗಿ ಓದಿಸುವ, ಸುಮಾರು 650 ಡಿಎನ್‌ಎ ಅಕ್ಷರಗಳ ಸಿಒಐ ಜೀನ್ ತುಣುಕು ಗುಂಪನ್ನು ಚೆನ್ನಾಗಿ ಹೇಳುತ್ತದೆ, ತೀರಾ ಹತ್ತಿರದ ಪ್ರಭೇದಗಳನ್ನು ಬಿಡಿಸುವಲ್ಲಿ ಸೋಲಬಹುದು. ಎನ್‌ಎಡಿಎಚ್‌2 ಜೀನ್ ಇನ್ನೂ ಉದ್ದ, ಅದನ್ನೂ ಓದಿಸಿದರೆ ಒಳ್ಳೆಯದು. ದತ್ತಸಂಚಯದಲ್ಲಿ ಶೇ. 99 ಹೊಂದಿಕೆ ಬಂತೆಂದು ಆ ಹೆಸರನ್ನು ಹಾಗೇ ಎತ್ತಿಕೊಳ್ಳಬೇಡಿ. ಆ ಡಿಎನ್‌ಎ ಕೊಟ್ಟ ಮೀನನ್ನು ಗುರುತಿಸಿದವರು ತಪ್ಪಿದ್ದರೆ ತಪ್ಪು ನಿಮಗೂ ದಾಟುತ್ತದೆ. ವಸ್ತುಸಂಗ್ರಹಾಲಯದ ಮಾದರಿ ಸಂಖ್ಯೆ ಇರುವ ದಾಖಲೆಗೆ ಮಾತ್ರ ತೂಕ ಕೊಡಿ.

ಫಾರ್ಮಾಲಿನ್ ಶೇ. 10ರದು: ಅಂಗಡಿಯ ಗಟ್ಟಿ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು. ಇದು ಕ್ಯಾನ್ಸರ್‌ಕಾರಕ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಮುಟ್ಟಬೇಡಿ. ಈ ಶಾರ್ಕ್‌ಗಳ ಯಕೃತ್ತು ದೊಡ್ಡದು, ಎಣ್ಣೆ ತುಂಬಿದ್ದು. ಹೊಟ್ಟೆಯೊಳಗೆ ಸಿರಿಂಜಿನಿಂದ ದ್ರಾವಣ ಬಿಡದೆ ಹಾಗೇ ಮುಳುಗಿಸಿದರೆ ಹೊರಗೆ ಗಟ್ಟಿ, ಒಳಗೆ ಕೊಳೆತ ಮೀನು ಸಿಗುತ್ತದೆ. ಮೈ ನೆಟ್ಟಗೆ, ರೆಕ್ಕೆ ಬಿಡಿಸಿ ಮಲಗಿಸಿ. ಬಾಯಿಗೆ ಒಂದು ಚೂರು ಕಾರ್ಕ್ ಸಿಕ್ಕಿಸಿ. ಬಾಯಿ ಮುಚ್ಚಿಕೊಂಡು ಗಟ್ಟಿಯಾದರೆ ಮುಂದೆ ಯಾರಿಗೂ ಹಲ್ಲು ಕಾಣುವುದಿಲ್ಲ. ಚಿಕ್ಕವಕ್ಕೆ ಒಂದು ವಾರ, 50–60 ಸೆಂ.ಮೀ.ನವಕ್ಕೆ ಎರಡು ವಾರ. ಆಮೇಲೆ ಎರಡು ದಿನ ನೀರು ಬದಲಿಸುತ್ತಾ ನೆನೆಸಿ, ಶೇ. 30, 50 ಎಂದು ಹಂತಹಂತವಾಗಿ ಏರಿಸಿ ಶೇ. 70ರ ಎಥನಾಲ್‌ಗೆ ತನ್ನಿ. ಒಮ್ಮೆಲೇ ಹಾಕಿದರೆ ಚರ್ಮ ಸುಕ್ಕುತ್ತದೆ.

ಹೆಸರು ಬರೆಯುವುದು

ಹಳೆಯ ಕೈಪಿಡಿ ಹಿಡಿದು ಕೂತವರು ಎಟ್ಮೊಪ್ಟೆರಸ್ ಅನ್ನು ಎಟ್ಮೊಪ್ಟೆರಿಡೇಯಲ್ಲಿ ಹುಡುಕಿದರೆ ಸಿಗದಿರಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) 1984ರ ಶಾರ್ಕ್ ಪಟ್ಟಿ ಈ ಕುಲವನ್ನೂ ಸೆಂಟ್ರೊಫೋರಸ್ ಅನ್ನೂ ಸ್ಕ್ವಾಲಿಡೇ ಎಂಬ ಒಂದೇ ದೊಡ್ಡ ಕುಟುಂಬದಲ್ಲಿ ಇಟ್ಟಿತ್ತು. ಆ ಗಂಟು ಬಿಚ್ಚಿದ್ದು ಆಮೇಲೆ. ಹಳೆಯ ದಾಖಲೆಯ ಕುಟುಂಬದ ಹೆಸರನ್ನು ನಕಲು ಮಾಡದೆ ಕುಲದ ಹೆಸರಿನಿಂದ ಹೊಸ ಸ್ಥಾನವನ್ನು ಕಂಡುಕೊಳ್ಳಿ.

ಎಟ್ಮೊಪ್ಟೆರಸ್ ಸ್ಪೈನಾಕ್ಸ್ (ಲಿನೇಯಸ್, 1758) ಎಂದು ಬರೆಯುವಾಗ ಆವರಣ ಚಿಹ್ನೆ ಅಲಂಕಾರವಲ್ಲ. ಲಿನೇಯಸ್ ಇದನ್ನು ಸ್ಕ್ವಾಲಸ್ ಕುಲದಲ್ಲಿ ಇಟ್ಟಿದ್ದ, ನಂತರ ಕುಲ ಬದಲಾಯಿತು ಎಂದು ಅದು ಹೇಳುತ್ತದೆ. ಎಟ್ಮೊಪ್ಟೆರಸ್ ಲುಸಿಫರ್ ಜೋರ್ಡನ್ ಮತ್ತು ಸ್ನೈಡರ್, 1902 ಎಂಬಲ್ಲಿ ಆವರಣವಿಲ್ಲ, ಮೊದಲಿನಿಂದಲೂ ಅದೇ ಕುಲ.

ಸಾಕ್ಷಿ ಎಲ್ಲಿಗೆ ನಿಂತಿತೋ ಹೆಸರೂ ಅಲ್ಲಿಗೇ ನಿಲ್ಲಲಿ. ಹಲ್ಲು ನೋಡಿದ್ದೀರಿ, ಚರ್ಮ ಸವೆದುಹೋಗಿದೆ ಎಂದರೆ ‘ಎಟ್ಮೊಪ್ಟೆರಸ್ ಎಸ್‌ಪಿ.’, ಅಂದರೆ ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ. ಡೆಂಟಿಕಲ್ ಸಾಲು ಇದೆ, ಪಕ್ಕೆಯ ಗುರುತಿನ ಅಳತೆ ಪೂರ್ತಿ ಹೊಂದುತ್ತಿಲ್ಲ ಎಂದರೆ ‘ಎಟ್ಮೊಪ್ಟೆರಸ್ ಸಿಎಫ್. ಲುಸಿಫರ್’, ಅಂದರೆ ಲುಸಿಫರ್ ಜೊತೆ ಹೋಲಿಸಿ ನೋಡಬೇಕಾದದ್ದು. ಲೇಬಲ್ಲಿನಲ್ಲಿ ಹೆಸರಿಗಿಂತ ಮೊದಲು ಅಕ್ಷಾಂಶ, ರೇಖಾಂಶ, ಬಲೆ ಎಳೆದ ಆಳದ ಆರಂಭ ಮತ್ತು ಕೊನೆ, ದಿನಾಂಕ, ಬಲೆಯ ಬಗೆ, ಲಿಂಗ, ಒಟ್ಟು ಉದ್ದ, ಮಾಂಸದ ಟ್ಯೂಬಿನ ಸಂಖ್ಯೆ ಬರಲಿ. ಅದೇ ಸಂಖ್ಯೆಯ ಇನ್ನೊಂದು ಚೀಟಿಯನ್ನು ಬಾಟಲಿಯ ಹೊರಗೆ ಅಂಟಿಸದೆ, ದಾರದಿಂದ ಮೀನಿನ ಬಾಲದ ಬುಡಕ್ಕೇ ಕಟ್ಟಿ.